ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲ, ಐ-20ರಲ್ಲಿ ಅಪ್ಪನ ಹೆಸರು: ನಾನು ಸರಿ ಮಾಡಿಸಿಕೊಂಡಿದ್ದು ಹೀಗೆ

ನಮ್ಮ ತುಮಕೂರು ಕಡೆ ಎಷ್ಟು ಜನಕ್ಕೆ ಸರ್‌ನೇಮ್ ಇರುತ್ತದೆ ಹೇಳಿ? ಹೆಸರು, ಜೊತೆಗೆ ಎರಡು ಇನಿಷಿಯಲ್, ಅಷ್ಟೇ ಅಲ್ವಾ. ನನ್ನ ಪಾಸ್‌ಪೋರ್ಟ್‌ನಲ್ಲೂ ಸರ್‌ನೇಮ್ ಜಾಗ ಖಾಲಿ. ಆದರೆ ಅಮೆರಿಕದ ಯೂನಿವರ್ಸಿಟಿಯ ಅರ್ಜಿ ಆ ಜಾಗ ತುಂಬದೆ ಮುಂದಕ್ಕೇ ಹೋಗಲಿಲ್ಲ, ಸುಮ್ನೆ ಅಪ್ಪನ ಹೆಸರು ಹಾಕಿಬಿಟ್ಟೆ. ವಿದ್ಯಾರ್ಥಿ ವೀಸಾಕ್ಕೆ ಬೇಕಾದ, ಯೂನಿವರ್ಸಿಟಿ ಕೊಡುವ ಐ-20 ಪತ್ರ ಬಂದಾಗ ಅದರಲ್ಲೂ ಅಪ್ಪನ ಹೆಸರೇ! ಪಾಸ್‌ಪೋರ್ಟಿಗೂ ಅದಕ್ಕೂ ತಾಳೆಯೇ ಇಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಪಾಸ್‌ಪೋರ್ಟನ್ನೇ ಬದಲಾಯಿಸು ಅಂದವರೇ ಜಾಸ್ತಿ. ಅದು ಬೇಕಾಗಲೇ ಇಲ್ಲ. ಫೋಟೋ ಇರುವ ಪುಟ ಸ್ಕ್ಯಾನ್ ಮಾಡಿ, ಇದರಲ್ಲಿರುವ ಹಾಗೇ ತಿದ್ದಿಕೊಡಿ ಎಂದು ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಮೇಲ್ ಹಾಕಿದೆ. ನಾಲ್ಕನೇ ದಿನ ಹೊಸ ಐ-20 ಬಂತು. ನನ್ನ ಒಂದೇ ಹೆಸರು ಸರ್‌ನೇಮ್ ಜಾಗದಲ್ಲಿ, ಗಿವನ್ ನೇಮ್ ಖಾಲಿ. ಅದರಲ್ಲಿ ಎನ್ ಅಕ್ಷರದಿಂದ ಶುರುವಾಗುವ ಸೆವಿಸ್ ನಂಬರ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ದಾಖಲೆಯ ನಂಬರ್) ಹಳೆಯದೇ ಉಳಿಯಿತು, ಹಾಗಾಗಿ ಸೆವಿಸ್‌ನ 350 ಡಾಲರ್ ಫೀಸು ಮತ್ತೆ ಕಟ್ಟಬೇಕಾಗಲಿಲ್ಲ.

ವೀಸಾದ ಡಿಎಸ್-160 ಫಾರ್ಮ್‌ನಲ್ಲೂ ಹೀಗೇ ತುಂಬಿ, ಆದರೆ ಗಿವನ್ ನೇಮ್ ಜಾಗ ಖಾಲಿ ಬಿಡದೆ ಎಫ್‌ಎನ್‌ಯು ಎಂದು ಬರೆಯಿರಿ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ವೀಸಾದ ಮೇಲೂ ಅದೇ ಅಚ್ಚಾಗಿ ಬರುತ್ತದೆ, ನೋಡಿ ಗಾಬರಿ ಆಗಬೇಡಿ.