ಫೋನಿನ್ಯಾಗ ಕತಿ ಓದಿಸಿ ಪತ್ರಿಕಿ ಉಳಿಸ್ಕೊಂಡೆ – ನನ್ನ ಅನುಭವ

ಹೋದ್ವರ್ಷ ಕನ್ನಡ ಭವನದಾಗ ಒಂದ್ ಕಾರ್ಯಕ್ರಮ ಮುಗದು ಹೊರಗ ಚಾ ಕುಡಿಯೋ ಮುಂದ ಮೂರ್ನಾಕ್ ಮಂದಿ ನನ್ನ ಮುಂದೇ ನಕ್ಕಿದ್ರು. ‘ಬರದವ್ರಿಗೆಲ್ಲಾ ಫೋನ್ ಹಚ್ಚಿ ಓದಿಸ್ತೀಯಾ? ಪತ್ರಿಕಿ ನಡಸ್ತೀಯೋ ವೈವಾ ತಗೋತೀಯೋ’ ಅಂತ ಒಬ್ರು. ‘ಇನ್ನ ಎರಡ್ ಸಂಚಿಕಿ ಬಂದ್ರ ಭಾಳಾತು’ ಅಂತ ಇನ್ನೊಬ್ರು. ಎಐದಿಂದ, ಅಂದ್ರ ಚಾಟ್‌ಜಿಪಿಟಿಯಂಥ ಮಷಿನ್‌ದಿಂದ ಬರಸಿದ ಕತಿ ತಡೀಲಾಕ ಹಿಂಗ ಫೋನಿನ್ಯಾಗ ಓದಿಸೋದು ಶುರು ಮಾಡಿದ್ ಮ್ಯಾಲಿನ ಆರನೇ ಸಂಚಿಕಿ ಈಗ ಪ್ರೆಸ್‌ನ್ಯಾಗ ಅದ, ಅದಕ್ಕೇ ಇದನ್ನ ಬರೀಲಾಕತ್ತೀನಿ.

ನಾ ನಡಸೋ ಸಾಹಿತ್ಯ ಪತ್ರಿಕಿ ಹೆಸ್ರು ಹೇಳೂದಿಲ್ಲ, ಜಾಹೀರಾತು ಆಗ್ತದ, ಗೊತ್ತಿದ್ದವ್ರಿಗೆ ಗೊತ್ತದ. ಕಲಬುರಗಿಯಿಂದ ಮೂರ್ ತಿಂಗಳಿಗೊಮ್ಮೆ, ಐದ್ ಫಾರಂ ಅಂದ್ರ 80 ಪುಟ, ಡೆಮಿ 1/8 ಅಂದ್ರ ಮಾಮೂಲಿ ಪುಸ್ತಕದ ಅಳತಿ, 500 ಪ್ರತಿ. 2020ರ ಫೆಬ್ರುವರಿಯಾಗ ನಮ್ಮೂರಾಗ 85ನೇ ಸಾಹಿತ್ಯ ಸಮ್ಮೇಳನ ಆತಲ್ಲ, ಆ ಹುರುಪಿನ್ಯಾಗ ಕೈ ಹಾಕಿದ್ದು, ಮೊದಲ್ನೇ ಸಂಚಿಕಿ ಪ್ರೆಸ್ಸಿಗಿ ಹೋಗೂದ್ರಾಗ ಲಾಕ್‌ಡೌನ್. ಅದರ ಕತಿ ಬ್ಯಾರೆ.

2024ರ ದೀಪಾವಳಿಗೆ ಕಥಾಸ್ಪರ್ಧೆ ಇಟ್ಟಿದ್ದೇ ತಪ್ಪಾತು. ಮೊದಲ್ನೇ ಬಹುಮಾನ 10,000, ಕತಿ ಇಮೇಲ್ ಮಾಡ್ರಿ ಅಂತ ವಾಟ್ಸಾಪ್‌ನ್ಯಾಗ ಬಿಟ್ಟೆ. ಅಲ್ಲೀ ತನಾ ವರ್ಷಕ್ಕ ಅರವತ್ತೋ ಎಪ್ಪತ್ತೋ ಕತಿ ಬರ್ತಿದ್ವು, ಈ ಸಲ ಇಪ್ಪತ್ತ್ ದಿನದಾಗ ಮುನ್ನೂರರ ಮ್ಯಾಲ ಬಂದ್ವು. ಹಿಗ್ಗಿ ಹೀರೇಕಾಯಿ ಆದೆ, ಕಲ್ಯಾಣ ಕರ್ನಾಟಕ ಎದ್ದು ಕುಂತದ ಅಂತ ನಾಕ್ ಮಂದಿಗೆ ಹೇಳಿನೂ ಬಿಟ್ಟೆ. ಓದ್ಲಾಕ ಕುಂತ ಮ್ಯಾಲ ಹೊಟ್ಟ್ಯಾಗ ಕಲಸಿದಂಗಾತು. ಚಿಂಚೋಳಿ ಕಡಿ ಮುದುಕಿ ಮೊಮ್ಮಗನಿಗೆ ರಾಗಿ ಮುದ್ದಿ ಮಾಡಿ ಉಣಸ್ತಾಳ. ಅಫಜಲಪುರದ ರೈತ ಕಾಫಿ ಕುಡದು ತೆಂಗಿನ ತೋಟದಾಗ ಅಡ್ಡಾಡ್ತಾನ. ಎಂಟ್ ಕತಿಯಾಗ ಹುಡುಗಿ ಕಿಟಕಿ ಬಲ್ಲಿ ನಿಂತು ಮಳಿ ನೋಡ್ತಾಳ, ಎಂಟರಾಗೂ ಮಣ್ಣಿನ ವಾಸನಿ ಅಜ್ಜಿ ನೆನಪು ತರ್ತದ, ಕಡೀಗಿ ಒಂದ್ ದೀಪ ಹಚ್ಚಿದ್ರ ಕತಿ ಮುಗೀತು. ಮುನ್ನೂರ್ ಕತಿಯಾಗ ರೊಟ್ಟಿ ಬಡದಾಕಿ ಹತ್ತ್ ಮಂದಿ ಸಿಗ್ಲಿಲ್ಲ, ತೊಗರಿ ರೇಟ್ ಬಿತ್ತಂತ ಬೈದಾಂವ ಇಬ್ಬರೋ ಮೂವರೋ. ಇವು ನಮ್ ಕಡಿ ಮನುಷ್ಯಾ ಬರದ ಕತಿ ಅಲ್ಲ, ಭಾಳಷ್ಟು ಎಐದಿಂದ ಬರಸಿದ್ದು ಅನಸ್ತು.

ಅಮೆರಿಕದ ಕ್ಲಾರ್ಕ್ಸ್‌ವರ್ಲ್ಡ್ ಅನ್ನೋ ಕತಿ ಪತ್ರಿಕಿ 2023ರ ಫೆಬ್ರುವರಿಯಾಗೇ ಇದೇ ಕಾಟಕ್ಕ ಕತಿ ತಗೋಳೋದು ಕೆಲ ದಿನ ಬಂದ್ ಮಾಡಿತ್ತು, ಚಾಟ್‌ಜಿಪಿಟಿ ಬಂದು ಆಗ ಮೂರ್ ತಿಂಗಳೂ ತುಂಬಿರಲಿಲ್ಲ. ಅದನ್ನ ಓದಿ ನಾ ಏನಂದಿದ್ದೆ ಅಂದ್ರ, ಇದು ಇಂಗ್ಲಿಷಿನವ್ರ ರೋಗ, ನಮಗ ಬರ್ಲಾಕ ಇನ್ನ ಹತ್ ವರ್ಷ ಬೇಕು.

ಆಮ್ಯಾಲ ರೊಕ್ಕ ಸುಟ್ಕೊಂಡಿದ್ದು. ಮಷಿನ್ ಬರದಿದ್ದು ಯಾವ್ದು ಮನುಷ್ಯಾ ಬರದಿದ್ದು ಯಾವ್ದು ಅಂತ ಪರ್ಸೆಂಟ್ ಹಾಕಿ ಹೇಳೋ ಒಂದ್ ಸಾಫ್ಟ್‌ವೇರ್ ತಗೊಂಡೆ, ತಿಂಗಳಿಗೆ 1,500 ಹಂಗ ನಾಕ್ ತಿಂಗ್ಳು. ಕನ್ನಡನೂ ಬರ್ತದ ಅಂತ ಬರಕೊಂಡಿದ್ರು. ಪರೀಕ್ಷಾ ಮಾಡೋಣಂತ ನನ್ನದೇ 2011ರ ಕತಿ ಹಾಕಿದೆ, 64 ಪರ್ಸೆಂಟ್ ಮಷಿನ್ ಅಂತು. 2011ರಾಗ ನನ್ ಬಲ್ಲಿ ಇದ್ದ ಮಷಿನ್ ಅಂದ್ರ ಹೆಂಡ್ತಿ ತವರಿಂದ ತಂದ ಹೊಲಿಗಿ ಮಷಿನ್ ಒಂದೇ. ಅಲ್ಲಿಗೇ ಬಿಡ್ಬೇಕಿತ್ತು, ಬಿಡ್ಲಿಲ್ಲ, ರೊಕ್ಕ ಕೊಟ್ಟೀನಲ್ಲ.

ಚಿಂಚೋಳಿ ತಾಲೂಕಿನ ಒಬ್ರು ರಿಟೈರ್ಡ್ ಮಾಸ್ತರು ಕಳಿಸಿದ ಕತಿಗಿ ಅದು 87 ತೋರಿಸ್ತು. ನಾನು ದೊಡ್ಡ ಮನುಷ್ಯಾನಂಗ ‘ದಯವಿಟ್ಟು ಸ್ವಂತ ಬರಹ ಕಳುಹಿಸಿ’ ಅಂತ ಒಂದ್ ಸಾಲಿನ ಮೇಲ್ ಒಗದೆ. ರಾತ್ರಿ ಒಂಬತ್ತಕ್ಕ ಫೋನ್ ಬಂತು. ಬೈತಾರ ಅಂತ ಮಾಡಿದ್ದೆ, ಬೈಲಿಲ್ಲ. ‘ಸರ, ನಾ ಬರದಿದ್ದು ನಿಮಗ ಓದಿ ಹೇಳ್ಲೇನ್ರಿ’ ಅಂದ್ರು. ಹೂಂ ಅನ್ನೋದ್ರಾಗ ಶುರು ಮಾಡೇಬಿಟ್ರು, ಹಾಳಿ ಹೊಳ್ಳಸೋ ಸಪ್ಪಳ ಕೇಳಸ್ತಿತ್ತು. ನಾನು ಲ್ಯಾಪ್‌ಟಾಪ್‌ನ್ಯಾಗ ಅವ್ರದೇ ಕತಿ ಮುಂದಿಟ್ಕೊಂಡು ನೋಡ್ತೀನಿ, ಅವ್ರು ಓದೋದು ಒಂದು, ಇಲ್ಲಿ ಇರೋದು ಒಂದು. ಅವ್ರು ‘ಮಿರಗಾ ಮಳಿ ಕೈ ಕೊಡ್ತು’ ಅಂತಾರ, ಇಲ್ಲಿ ‘ಮುಂಗಾರು ಮಳೆ ವಿಫಲವಾಗಿತ್ತು’ ಅಂತದ. ಎರಡನೇ ಪುಟಕ್ಕ ನಾನೇ ತಡದೆ, ‘ಸರ, ನನ್ ಬಲ್ಲಿ ನೇಗಿಲಿಂದ ಬಿತ್ತಿದ ಅಂತ ಅದಲ್ರಿ’ ಅಂದೆ. ಆ ಕಡಿ ಒಂದ್ ಗಳಿಗಿ ಸಪ್ಪಳಿಲ್ಲ. ‘ನೇಗಿಲಿಂದ ಯಾರ್ ಬಿತ್ತತಾರ್ರಿ ಸರ? ನಾ ಕೂರಿಗಿ ಅಂತ ಬರದೀನಿ.’ ಆಮ್ಯಾಲ ಫೋನಿಗಿ ಕೈ ಅಡ್ಡ ಹಿಡದು ಒಳಗ ಯಾರಿಗೋ ಒದರಿದ್ರು. ಟೈಪ್ ಮಾಡಿದ್ದು ಮೊಮ್ಮಗ, ‘ಜರಾ ಶುದ್ಧ ಮಾಡು’ ಅಂತ ಎಐಗೆ ಕೊಟ್ಟು ಅದು ಕೊಟ್ಟಿದ್ದನ್ನೇ ಕಳಿಸ್ಯಾನ, ಮುತ್ಯಾಗ ಹೇಳಿಲ್ಲ.

ಅಂದ್ರ ಆ ಸಲ ಸಾಫ್ಟ್‌ವೇರ್ ಅಂದಿದ್ದೂ ಖರೆ, ಮಾಸ್ತರು ಅಂದಿದ್ದೂ ಖರೆ, ಸುಳ್ಳ ಬಿದ್ದಾಂವ ನಾನೊಬ್ಬನೇ. ಕ್ಷಮಾ ಕೇಳಿ ಕೂರಿಗಿ ಕತಿನೇ ಹಾಕಿದೆ. ಸ್ಪರ್ಧೆ ರದ್ದು ಮಾಡಿದೆ, ಅದಕ್ಕ ಒಂದಿಷ್ಟು ಬೈಗಳಾನೂ ತಿಂದೆ.

ಆವತ್ತಿನಿಂದ ಇಮೇಲ್ ಬಂದ್. ಕೈಲಿ ಬರದು ಅಂಚಿಗಿ ಹಾಕ್ರಿ, ಇಲ್ಲಂದ್ರ ಹಾಳಿ ಫೋಟೋ ವಾಟ್ಸಾಪ್ ಮಾಡ್ರಿ, ಹೊಡದು ಹಾಕಿದ್ದು ಹಂಗೇ ಇರ್ಲಿ, ಫೇರ್ ಕಾಪಿ ಬ್ಯಾಡ. ಹಿಡಸಿದ್ರ ನಾನೇ ಫೋನ್ ಹಚ್ತೀನಿ, ನಾ ಹೇಳಿದ ಪುಟ ಓದಬೇಕು, ಹತ್ತೋ ಹದಿನೈದೋ ಮಿನಿಟ್. ನಡುವ ಮೂರ್ ಮಾತು ಕೇಳ್ತೀನಿ. ಒಂದು, ಇಲ್ಲಿ ಹೊಡದು ಹಾಕಿದ್ದು ಏನು, ಯಾಕ ಹೊಡದ್ರಿ. ಇನ್ನೊಂದು, ಕತಿಯಾಗಿನ ಮನಿ ಬಾಗ್ಲ ಯಾವ ದಿಕ್ಕಿಗದ, ಬಾವಿಗಿ ಎಷ್ಟ್ ಮೆಟ್ಟಲ ಅವ, ಇಂಥಾದು, ಕತಿಯಾಗ ಇರಬಾರ್ದು, ಬರದಾಂವಗ ಗೊತ್ತಿರಬೇಕು. ಮೂರನೇದು ಇಲ್ಲಿ ಹೇಳೂದಿಲ್ಲ, ಹೇಳಿದ್ರ ನಾಳಿಗಿ ಎಲ್ರೂ ತಯಾರಿ ಮಾಡ್ಕೊಂಡೇ ಬರ್ತಾರ.

ಎಐದಿಂದ ಬರಸಿ ಕೈಲಿ ನಕಲ್ ಮಾಡಿ ಕಳಿಸಿದ್ರ ಏನ್ ಮಾಡ್ತಿ ಅಂತ ಎಲ್ರೂ ಕೇಳ್ತಾರ. ನನಗ ಗೊತ್ತಾಗಿದ್ದು ಎರಡ್ ಸಲ ಆಗ್ಯಾದ. ಒಬ್ಬ ದಾಲ್ ಮಿಲ್‌ನ್ಯಾಗ ದುಡಿಯೋ ಹುಡುಗ, ಹನ್ನೆರಡ್ ಪುಟ, ಮುತ್ತು ಪೋಣಿಸಿದಂಥ ಅಕ್ಷರ, ಒಂದ್ ಕಡಿನೂ ಕಾಟ್ ಹೊಡದಿಲ್ಲ. ಓದಿದ್ದೂ ಛಲೋನೇ. ಮನಿ ಬಾಗ್ಲ ಯಾವ ಕಡಿಗಪ್ಪಾ ಅಂದೆ. ‘ಸರ, ಅದು ಕತಿಯಾಗ ಇಲ್ಲಲ್ರಿ’ ಅಂದ. ನಾನೂ ನಕ್ಕೆ, ಅಂವನೂ ನಕ್ಕ. ಆ ಕತಿ ಬಿಡು, ನಿಮ್ ಮಿಲ್‌ನ್ಯಾಗ ಮುಂಜಾನಿ ಹೋದ ಕೂಡ್ಲೇ ಏನ್ ಮಾಡ್ತಿ ಹೇಳು ಅಂದ್ರ ಇಪ್ಪತ್ ಮಿನಿಟ್ ತೊಗರಿ ಧೂಳಿನ ಬಗ್ಗೆನೇ ಹೇಳಿದ, ಎಣ್ಣಿ ಹಚ್ಚಿ ಒಣಗಿಸೋದು, ಸಿಪ್ಪಿ ಮೂಗಿನ್ಯಾಗ ಕುಂತು ರಾತ್ರಿ ಕೆಮ್ಮೋದು, ಎಲ್ಲಾ. ಅದನ್ನೇ ಬರಿ ಅಂದೆ. ಮೂರ್ ಸಲ ವಾಪಸ್ ಕಳಿಸಿದ್ ಮ್ಯಾಲ ಬಂತು ನೋಡ್ರಿ, ಹೋದ್ ಸಂಚಿಕಿಯಾಗ ಅದಕ್ಕ ಬಂದಷ್ಟು ಪತ್ರ ನನ್ನ ಸಂಪಾದಕೀಯಕ್ಕ ಇಷ್ಟ್ ವರ್ಷದಾಗ ಎಲ್ಲಾ ಕೂಡಿ ಬಂದಿಲ್ಲ.

ಫೋನಿನ್ಯಾಗೂ ಎಡವಟ್ಟು ಆಗ್ಯಾವ. ಯಾದಗಿರಿ ಜಿಲ್ಲಾದ ಒಬ್ಬಾಕಿ ಹೆಣ್ಮಗಳು ಛಲೋ ಬರೀತಾಳ, ಮನ್ಯಾಗ ಗೊತ್ತಿಲ್ಲ. ನನಗದು ತಿಳೀಲಾರ್ದೆ ರಾತ್ರಿ ಎಂಟಕ್ಕ ಹಚ್ಚಿದೆ, ಗಂಡಸ್ರ ದನಿ ಬಂತು, ಗಾಬರಿಯಾಗಿ ‘ಅಂಚಿ ಆಫೀಸಿಂದ್ರಿ, ಪಿನ್ ಕೋಡ್ ಸಲುವಾಗಿ’ ಅಂತ ಸುಳ್ಳ ಹೇಳಿ ಇಟ್ಟೆ. ಮರುದಿನ ಆಕಿನೇ, ‘ಅಣ್ಣಾ, ನೀವು ಹಚ್ಚಬ್ಯಾಡ್ರಿ, ಮಧ್ಯಾಹ್ನ ಎರಡಕ್ಕ ನಾ ಮಿಸ್ ಕಾಲ್ ಕೊಡ್ತೀನಿ.’ ಈಗ ಮಧ್ಯಾಹ್ನ ಎರಡರ ಟೈಮ್ ಅಂಥವ್ರಿಗೇ ಇಟ್ಟೀನಿ, ಮೂರ್ನಾಕ್ ಮಂದಿ ಆಗ್ಯಾರ.

ಹಂಗಂತ ನಾ ಎಐ ಕಟ್ಟಾ ವಿರೋಧಿ ಅಲ್ಲ, ತಿಂಗಳಿಗೆ ಹತ್ರಹತ್ರ 2,000 ಕೊಟ್ಟು ಐದಾರ್ ತಿಂಗಳು ಎಲ್ಲಾ ನೋಡೀನಿ. ಪ್ರೂಫ್ ತಿದ್ದಲಾಕ ಕೊಟ್ರ ‘ಮಾಡ್ಲಾಕತ್ತಾರ’ ಅನ್ನೋದನ್ನ ‘ಮಾಡುತ್ತಿದ್ದಾರೆ’ ಮಾಡ್ತು. ಉತ್ತರ ಕರ್ನಾಟಕದ ಭಾಷಾ ಹಂಗೇ ಇಡೋ ಮಾರಾಯಾ ಅಂದ್ರ ‘ಐತಿ’, ‘ಮಾಡಾಕತ್ತಾನ’, ಅಗದಿ ಹುಬ್ಬಳ್ಳಿ! ನಮ್ ಕಡಿ ‘ಅದ’ ಅನ್ನೋದು ಅದಕ್ಕ ಒಮ್ಮೆನೂ ಹೊಳೀಲಿಲ್ಲ. ಒಬ್ಬ ಗೆಳೆಯಾನ ದಖನಿ, ಅಂದ್ರ ನಮ್ ಕಡಿ ಉರ್ದು, ಪದ್ಯ ಕನ್ನಡ ಲಿಪಿಯಾಗ ಹಾಕೋದಿತ್ತು, ಅದ್ರಾಗಿನ ‘ಕೈಕು’, ‘ನಕ್ಕೋ’ ಎಲ್ಲಾ ಹೋಗಿ ದಿಲ್ಲಿ ಹಿಂದಿ ಆಗಿ ಬಂತು. ಕೈಬರಹದ ಫೋಟೋ ಕೊಟ್ಟು ಟೈಪ್ ಮಾಡ್ಸಿದ್ರ ಓದ್ಲಾಕ ಬರದ ಕಡಿ ಬಿಡಬೇಕಲ್ಲ, ಬಿಡೂದಿಲ್ಲ, ತಾನೇ ಕಟ್ಟಿ ಹಾಕ್ತದ, ಅದೂ ಚಂದಾಗಿ ಹಾಕ್ತದ, ಅದೇ ಅಪಾಯ. ನಾನೇ ಜೋರಾಗಿ ಓದಿ ವಾಯ್ಸ್ ಟೈಪಿಂಗ್ ಮಾಡಿದೆ, ‘ಅಂವ ಬಂದ’ ಅಂದಿದ್ದು ‘ಅವ್ವ ಬಂದ’ ಅಂತ ಅಚ್ಚಾಗೇ ಹೋತು, ಯಾರೂ ಹಿಡೀಲಿಲ್ಲ, ಬರದಾಕಿ ಒಬ್ಬಾಕಿ ಬಿಟ್ಟು. ಈಗ ಟೈಪಿಂಗ್ ಕೆಲ್ಸ ಒಬ್ಬಾಕಿ ಹುಡುಗಿಗಿ ಕೊಟ್ಟೀನಿ, ಪುಟಕ್ಕ 20 ರೂಪಾಯಿ, ‘ನುಡಿ’ ಅನ್ನೋ ಕನ್ನಡ ಸಾಫ್ಟ್‌ವೇರ್‌ನ್ಯಾಗೇ ನೇರ ಹೊಡೀತಾಳ, ಯಾಕಂದ್ರ ನಮ್ ಪ್ರೆಸ್ಸಿನವ್ರು ಪುಟ ಜೋಡಿಸೋ ಹಳೇ ಪೇಜ್‌ಮೇಕರ್ ಇನ್ನೂ ಬಿಟ್ಟಿಲ್ಲ, ಯೂನಿಕೋಡ್‌ದಿಂದ, ಅಂದ್ರ ಫೋನಿನ್ಯಾಗ ಬರೋ ಕನ್ನಡ ಅಕ್ಷರದಿಂದ, ಕನ್ವರ್ಟ್ ಮಾಡಿದ್ರ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕುಂದರ್ತಾವ.

ಎಐ ಒಂದ್ ಕೆಲ್ಸ ಖರೇನ ಛಲೋ ಮಾಡ್ತು, ವಾಟ್ಸಾಪ್‌ನ್ಯಾಗ ಹೆಂಗ್ಬೇಕೋ ಹಂಗ ಬಿದ್ದ ಚಂದಾದಾರ್ರ ವಿಳಾಸ ತಗದು ಪಿನ್ ಪ್ರಕಾರ ಲೇಬಲ್ ಮಾಡಿ ಕೊಡೋದು, ಎರಡ್ ದಿನದ ಕೆಲ್ಸ ಅರ್ಧ ತಾಸಿನ್ಯಾಗ. ಅದ್ರಾಗೂ ಪಿನ್ ಬರೀದೇ ಇದ್ದವ್ರಿಗೆ ತಾನೇ ಒಂದ್ ಪಿನ್ ಹಾಕಿತ್ತು. ಕಲಬುರಗಿ, ಬೀದರ, ಯಾದಗಿರಿ ಮೂರೂ 585ರಿಂದನೇ ಶುರು ಆಗ್ತಾವಲ್ಲ, ಹುಮನಾಬಾದಿನ ಪ್ರತಿ ಕಲಬುರಗಿಯಾಗೇ ಸುತ್ತಾಡಿ ಹರಕೊಂಡು ಮನಿಗಿ ಬಂದ್ವು, ಹತ್ತೋ ಹನ್ನೊಂದೋ.

ರೊಕ್ಕದ ಲೆಕ್ಕ. ಮೊದ್ಲು 210 ಚಂದಾದಾರ್ರು, ವರ್ಷಕ್ಕ 400. ಸಂಚಿಕಿಗಿ ಅಚ್ಚಿಗಿ 28 ಸಾವಿರ, ಅಂಚಿ ಐದು, ವರ್ಷಕ್ಕ ಹತ್ರಹತ್ರ ಐವತ್ತು ಸಾವಿರ ನನ್ನ ಪಗಾರದಾಗಿಂದ ಹೋಗ್ತಿತ್ತು, ಮನ್ಯಾಗ ಅದನ್ನ ‘ನಿಮ್ ಮೂರನೇ ಮಗಳು’ ಅಂತಿದ್ರು. ಅಂಚಿಯಾಗ ಪತ್ರಿಕಿಗೋಳಿಗೆ ಪೈಸಾ ಲೆಕ್ಕದ ರಿಯಾಯಿತಿ ದರ ಅದ, ಆದ್ರ ಎರಡ್ ಸಂಚಿಕಿ ನಡುವ 31 ದಿನಕ್ಕಿಂತ ಹೆಚ್ಚು ಇರಬಾರ್ದು, ನಮ್ಮಂಥ ತ್ರೈಮಾಸಿಕಕ್ಕ ಸಿಗೂದಿಲ್ಲ. ಅದ್ರ ಆಸೀಗಿ ತಿಂಗಳಿಗೊಮ್ಮೆ 24 ಪುಟ ಮಾಡ್ಲೇನು ಅಂತ ಡಮ್ಮಿನೂ ಮಾಡಿದ್ದೆ, ಹೆಂಡ್ತಿ ಅದ್ರ ಮ್ಯಾಲ ಕಾಯಿಪಲ್ಯ ಸೋಸಿದ್ಲು. 2025ರ ಸೆಪ್ಟೆಂಬರ್‌ನ್ಯಾಗ ಅಚ್ಚಿನ ಕಾಗದದ ಜಿಎಸ್‌ಟಿ 12ರಿಂದ 18ಕ್ಕ ಏರ್ತು, ಪ್ರೆಸ್ಸಿನವ ಮರು ವಾರವೇ ಹೊಸ ರೇಟ್ ಹೇಳಿದ.

ಚಂದಾದಾರ್ರು ಈಗ 460ರ ಆಸುಪಾಸು ಅದಾರ. ಹೆಂಗ್ ಏರಿದ್ರು ಅಂದ್ರ, ಫೋನಿನ್ಯಾಗ ಓದಿದ್ದನ್ನ ಅವ್ರಿಗೆ ಕೇಳೇ ರೆಕಾರ್ಡ್ ಮಾಡ್ತೀನಿ, ಅದ್ರಾಗಿನ ಒಂದ್ ಮಿನಿಟ್ ಸಂಚಿಕಿ ಬರೋ ಮುಂಚಿ ವಾಟ್ಸಾಪ್‌ನ್ಯಾಗ ಬಿಡ್ತೀನಿ, ಆಕಳ ಒದರೋದು, ಕುಕ್ಕರ್ ಸೀಟಿ ಎಲ್ಲಾ ಇರ್ತದ, ತಗಿಯೂದಿಲ್ಲ. ಯಾವ ಒಂದ್ ಮಿನಿಟ್ ತಗೋಬೇಕು ಅನ್ನೋದು ನನ್ನ ಕೈಚಳಕ, ಅದನ್ನೂ ಹೇಳೂದಿಲ್ಲ. ಆ ಓಣಿ ಮಂದಿ, ಬೀಗ್ರು, ಹಳೇ ವಿದ್ಯಾರ್ಥಿಗೋಳು ಎಲ್ಲಾ ಚಂದಾ ಕಟ್ತಾರ, ಮಾಸ್ತರ ಕತಿಯೊಂದೇ ಮೂವತ್ತ್ ಮಂದಿನ್ನ ತಂತು. ಕತಿಗಿ 500 ರೂಪಾಯಿ ಕೊಡ್ತೀನಿ ಈಗ, ಅದನ್ನೂ ಟೈಪಿಂಗೂ ಕಳದು ಹೋದ್ವರ್ಷ ಕೈಲಿ ಆರೇಳ್ ಸಾವಿರ ಉಳೀತು, ಉಳಿದಿದ್ದೇ ಮೊದಲ್ನೇ ಸಲ. ಬರೋ ಕತಿ ಕಡಿಮಿ ಆಗ್ಯಾವ, ಸಂಚಿಕಿಗಿ ಇಪ್ಪತ್ತೋ ಇಪ್ಪತ್ತೈದೋ, ಎಲ್ಲಾ ಓದ್ಲಾಕ ಆಗ್ತದ. ಐಎಸ್‌ಎಸ್‌ಎನ್, ಅಂದ್ರ ಪತ್ರಿಕಿ ಗುರುತಿನ ಅಂತರರಾಷ್ಟ್ರೀಯ ನಂಬರ್, ಅದ ಏನ್ರಿ ಅಂತ ಕೇಳಿ ಪ್ರಬಂಧ ಕಳಿಸ್ತಿದ್ದ ಮಂದಿನೂ ಫೋನ್ ಅಂದ ಕೂಡ್ಲೇ ಕಾಣ್ವಲ್ರು.

ಕನ್ನಡ ಭವನದಾಗ ವೈವಾ ಅಂದಿದ್ರಲ್ಲ, ಅವ್ರೂ ಹೋದ್ ತಿಂಗಳು ಒಂದ್ ಕತಿ ಟೈಪ್ ಮಾಡಿ ಕಳಿಸಿದ್ರು. ಕೈಲಿ ಬರದು ಕಳಿಸ್ರಿ ಸರ ಅಂದೆ. ಸಿಟ್ಟಾದ್ರು, ಎಂಟ್ ದಿನಕ್ಕ ಹದಿನಾಕ್ ಪುಟ ಬಂತು, ಅರ್ಧಕ್ಕರ್ಧ ಹೊಡದು ಹಾಕಿದ್ದೇ. ಫೋನ್ ಹಚ್ಚಿ ಮನಿ ಬಾಗ್ಲ ಯಾವ ಕಡಿಗ್ರಿ ಅಂದೆ. ಭಾಳ ಹೊತ್ತು ಮಾತಾಡ್ಲಿಲ್ಲ. ‘ತಡಿ, ಆ ಮನಿ ಬಿಟ್ಟು ನಲವತ್ತ್ ವರ್ಷಾತು, ನಮ್ಮಕ್ಕಗ ಕೇಳಿ ಹೇಳ್ತೀನಿ’ ಅಂದ್ರು. ಮರುದಿನ ಮುಂಜಾನಿ ಆರಕ್ಕ ಫೋನ್, ನಾ ಇನ್ನ ಹಾಸಿಗಿಯಾಗೇ ಇದ್ದೆ. ‘ಮೂಡಣಕ್ಕ ಅಂತ ನೋಡು. ನಾ ಪಡುವಣಕ್ಕ ಅಂತ ತಿಳಕೊಂಡು ಸಂಜಿ ಬಿಸಲು ಪಡಸಾಲಿ ತನಾ ಬರ್ತದ ಅಂತ ಬರದೀನಿ, ಆ ಪುಟ ತಗದ್ಹಾಕು, ಹೊಸಾದು ಬರದು ಕಳಿಸ್ತೀನಿ.’