ಬೆನ್ನಿಗೆ ಮಾರ್ಫಿನ್: ಆಪರೇಷನ್ ಆದ ರಾತ್ರಿಗೆ

ಮಂಡ್ಯದಲ್ಲಿ ಕಬ್ಬಿನ ಕಟಾವು ಶುರುವಾದರೆ ರಸ್ತೆ ತುಂಬ ಟ್ರಾಕ್ಟರು. ಹಿಂಗಾಲು ಮುರಿದ ನಾಯಿಗಳು ನನ್ನ ಹತ್ತಿರ ಜಾಸ್ತಿ ಬರುವುದು ಆಗಲೇ. ಮೂಳೆ ಕೂಡುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಆಪರೇಷನ್ ಆದ ರಾತ್ರಿ ಅದು ಪಡುವ ನೋವಿನ ಬಗ್ಗೆ ಯಾರೂ ಕೇಳುವುದಿಲ್ಲ. ಆ ರಾತ್ರಿಗಾಗಿಯೇ ನಾನು ಬೆನ್ನಿಗೆ ಮಾರ್ಫಿನ್ ಅನ್ನುವ ನೋವಿನ ಔಷಧ ಕೊಡುವುದು.

ಅರಿವಳಿಕೆ ಹತ್ತಿದ ಮೇಲೆ ನಾಯಿಯನ್ನು ಎದೆ ಮೇಲೆ ಮಲಗಿಸಿ ಹಿಂಗಾಲುಗಳನ್ನು ಮುಂದಕ್ಕೆ ಎಳೆದಿಡುತ್ತೇನೆ. ಸೊಂಟದ ಎರಡೂ ಕಡೆ ಮೂಳೆಯ ಉಬ್ಬು ಬೆರಳಿಗೆ ಸಿಗುತ್ತದೆ. ಅವುಗಳ ನಡುವೆ, ಸ್ವಲ್ಪ ಹಿಂದಕ್ಕೆ, ಒಂದು ತಗ್ಗು. ಕೂದಲು ಬೋಳಿಸಿ, ಚೆನ್ನಾಗಿ ಒರೆಸಿ ಅಲ್ಲಿ ಸೂಜಿ ಇಳಿಸುತ್ತೇನೆ. ಸೂಜಿಯ ತಲೆಯಲ್ಲಿ ಒಂದು ಹನಿ ಸಲೈನ್ ನಿಲ್ಲಿಸಿರುತ್ತೇನೆ. ಗಟ್ಟಿ ಪೊರೆ ದಾಟುವಾಗ ಬೆರಳಿಗೆ ಟಕ್ ಅನ್ನುತ್ತದೆ, ಹೆಚ್ಚಿನ ಸಲ ಹನಿ ಸರಕ್ಕನೆ ಒಳಗೆ ಹೋಗುತ್ತದೆ. ರಕ್ತ, ಬೆನ್ನುಹುರಿಯ ನೀರು ಎರಡೂ ಬರುತ್ತಿಲ್ಲ ಅಂತ ನೋಡಿಕೊಂಡೇ ಔಷಧ. ಕಿಲೋ ತೂಕಕ್ಕೆ 0.1 ಮಿಲಿಗ್ರಾಂ, ಪ್ರಿಸರ್ವೇಟಿವ್ ಇಲ್ಲದ್ದು. ಹಿಡಿತ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅದಕ್ಕೇ ಕೊಯ್ಯುವ ಮೊದಲೇ ಕೊಡುವುದು. ಆ ಜಾಗದ ಚರ್ಮದಲ್ಲಿ ಕೀವಿದ್ದರೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಸಂಜೆ ಬಂದ ಮಾಲೀಕರೊಬ್ಬರು, "ಏನ್ ಸಾ, ಮರಗಟ್ಟೋ ಇಂಜೆಕ್ಷನ್ ಕೊಟ್ಟಿಲ್ವಾ? ಎದ್ದು ನಿಂತವ್ನಲ್ಲ!" ಅಂದರು.

ಮಾರ್ಫಿನ್‌ನ ಸೊಗಸೇ ಅದು. ಮರಗಟ್ಟಿಸುವ ಔಷಧ ಲಿಗ್ನೊಕೇನ್ ಕೊಟ್ಟರೆ ನೋವಿನ ಜೊತೆ ಸ್ಪರ್ಶವೂ ಹೋಗುತ್ತದೆ, ಕಾಲಿನ ಬಲವೂ ಹೋಗುತ್ತದೆ. ಮಾರ್ಫಿನ್ ಹಾಗಲ್ಲ. ನೋವಿನ ಸುದ್ದಿ ತರುವ ಸಣ್ಣ ನರಗಳು ಬೆನ್ನುಹುರಿಯಲ್ಲಿ ಬಂದು ಮುಟ್ಟುವ ಕಡೆ ಮಾರ್ಫಿನ್ ಬಂದು ಕೂರುವ ಜಾಗಗಳು, ಅಂದರೆ ಮ್ಯೂ ರಿಸೆಪ್ಟರ್‌ಗಳು, ದಟ್ಟವಾಗಿವೆ. ಮಾರ್ಫಿನ್ ಅಲ್ಲಿ ಕೂತರೆ ನರದ ತುದಿಗೆ ಕ್ಯಾಲ್ಸಿಯಂ ನುಗ್ಗುವುದು ತಗ್ಗಿ, ನೋವಿನ ಸುದ್ದಿ ದಾಟಿಸುವ ಗ್ಲುಟಮೇಟ್, ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕಗಳು ಕಡಿಮೆ ಸುರಿಯುತ್ತವೆ. ಸುದ್ದಿಯನ್ನು ಮಿದುಳಿಗೆ ಒಯ್ಯುವ ಜೀವಕೋಶದಿಂದ ಪೊಟ್ಯಾಸಿಯಂ ಹೊರಗೆ ಹರಿದು, ಅದು ಸುಲಭಕ್ಕೆ ಕೆರಳುವುದಿಲ್ಲ. ಸ್ಪರ್ಶದ ದಪ್ಪ ನರಗಳು ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತವೆ. 1976ರಲ್ಲಿ ಯಾಕ್ಷ್ ಮತ್ತು ರೂಡಿ ಎಂಬ ಸಂಶೋಧಕರು ಇಲಿಗಳ ಬೆನ್ನುಹುರಿ ಸುತ್ತಲಿನ ನೀರಿಗೇ ಮಾರ್ಫಿನ್ ಬಿಟ್ಟು, ನೋವನ್ನು ಅಲ್ಲೇ ತಡೆಯಬಹುದು ಅಂತ ತೋರಿಸಿದರು. ನಾನು ಇವತ್ತು ಮಾಡುವುದಕ್ಕೆ ಆಧಾರ ಆ ಕೆಲಸ.

ಮಾರ್ಫಿನ್ ಕೊಬ್ಬಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಬೇಗ ರಕ್ತಕ್ಕೆ ಸೇರಿಹೋಗುವುದಿಲ್ಲ. ಅದಕ್ಕೇ ಒಂದು ಡೋಸು 12ರಿಂದ 24 ಗಂಟೆ ಬರುತ್ತದೆ. ಇದೇ ಜಾತಿಯ ಇನ್ನೊಂದು ಔಷಧ ಫೆಂಟನಿಲ್ ಇಷ್ಟು ಹೊತ್ತು ನಿಲ್ಲುವುದಿಲ್ಲ.

ಬೆಳಿಗ್ಗೆ ನಾನು ಮೊದಲು ಕೇಳುವುದು ಉಚ್ಚೆ ಹೊಯ್ತಾ ಅಂತ. ಬೆನ್ನಿಗೆ ಕೊಟ್ಟ ಮಾರ್ಫಿನ್‌ನಿಂದ ಕೆಲವಕ್ಕೆ ಅದು ಕಟ್ಟಿಕೊಳ್ಳುತ್ತದೆ. ಹೊಟ್ಟೆ ಮುಟ್ಟಿ ನೋಡಿ, ಮೂತ್ರಚೀಲ ಉಬ್ಬಿದ್ದರೆ ಕೊಳವೆ ಹಾಕಿ ಖಾಲಿ ಮಾಡುತ್ತೇನೆ.