ದೊಡ್ಡಪ್ಪನ ಅಡಿಕೆ ಲೆಕ್ಕ ನನ್ನ ಮ್ಯಾಕ್‌ಬುಕ್‌ನಲ್ಲಿ

ಶಿರಸಿಯಲ್ಲಿ ದೊಡ್ಡಪ್ಪ ಅಡಿಕೆ ವ್ಯಾಪಾರ ಮಾಡುತ್ತಿದ್ದಾಗ ಲೆಕ್ಕಕ್ಕೆ ಡಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆಯಲ್ಲಿ, ಓಡುವ ಒಂದು ಪ್ರೋಗ್ರಾಂ ಇತ್ತು. ಗುರುತಿನ ಹುಡುಗನೊಬ್ಬ 1994ರಲ್ಲಿ ಟರ್ಬೊ ಪ್ಯಾಸ್ಕಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದು. ಕಳೆದ ಮಳೆಗಾಲ ಅಟ್ಟ ಗುಡಿಸುವಾಗ ಅದರ ಫ್ಲಾಪಿಗಳು ಸಿಕ್ಕವು. ಆರರಲ್ಲಿ ಎರಡಕ್ಕೆ ಬೂಸಲು. ಪುಣ್ಯಕ್ಕೆ ಪ್ರೋಗ್ರಾಂ ಇದ್ದದ್ದು ಬೇರೆಯದರಲ್ಲಿ. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ ಎಲ್ಲ ಕಾಪಿ ಮಾಡಿಕೊಂಡೆ.

ನನ್ನದು ಎಂ1 ಮ್ಯಾಕ್‌ಬುಕ್. ಅದರ ಚಿಪ್ ಆರ್ಮ್ ಜಾತಿಯದು, ಡಾಸ್ ಪ್ರೋಗ್ರಾಂಗೆ ಬರುವುದು ಇಂಟೆಲ್ ಎಕ್ಸ್86 ಭಾಷೆ ಒಂದೇ. ನಡುವೆ ದುಭಾಷಿಯಾಗಿ ಡಾಸ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ. ಅದು ಹಳೆ ಚಿಪ್, ಸ್ಕ್ರೀನ್, ಗಡಿಯಾರ ಎಲ್ಲದರ ವೇಷ ತಾನೇ ಹಾಕುತ್ತದೆ. ಜೋರಾಗಿ ಓಡಲಿ ಅಂತ ಸೆಟ್ಟಿಂಗ್ ಫೈಲಿನಲ್ಲಿ ಸೈಕಲ್ಸ್ ಅನ್ನು, ಅಂದರೆ ಆ ವೇಷದ ಚಿಪ್‌ನ ವೇಗವನ್ನು, 'ಮ್ಯಾಕ್ಸ್' ಮಾಡಿದೆ.

ಪ್ರೋಗ್ರಾಂ ಶುರುವಾಗುವ ಮೊದಲೇ ಬಿತ್ತು: ರನ್‌ಟೈಮ್ ಎರರ್ 200. ಸೊನ್ನೆಯಿಂದ ಭಾಗಿಸಿದ್ದೀರಿ ಅನ್ನುವ ದೂರು. ಫ್ಲಾಪಿ ಕೆಟ್ಟಿದೆ ಅಂದುಕೊಂಡು ಮತ್ತೆ ಕಾಪಿ ಮಾಡುತ್ತಾ ಒಂದು ಸಂಜೆ ಹಾಳು ಮಾಡಿದೆ.

ನಿಜವಾಗಿ ಸೊನ್ನೆಯಿಂದ ಯಾರೂ ಭಾಗಿಸಿರಲಿಲ್ಲ. ಟರ್ಬೊ ಪ್ಯಾಸ್ಕಲ್‌ನ ಸಿಆರ್‌ಟಿ ಯೂನಿಟ್ (ಸ್ಕ್ರೀನ್, ಕೀಬೋರ್ಡ್ ನೋಡಿಕೊಳ್ಳುವ ಸಿದ್ಧ ಕೋಡ್) ಶುರುವಿನಲ್ಲೇ ಯಂತ್ರದ ವೇಗ ಅಳೆಯುತ್ತದೆ. ಗಡಿಯಾರದ ಒಂದು ಟಿಕ್, ಅಂದರೆ ಸುಮಾರು 55 ಮಿಲಿಸೆಕೆಂಡು, ಸುಮ್ನೆ ಸುತ್ತು ಹೊಡೆದು ಎಣಿಸುತ್ತದೆ. ಬಂದ ಲೆಕ್ಕವನ್ನು 55ರಿಂದ ಭಾಗಿಸುತ್ತದೆ. ಉತ್ತರ 65,535 ದಾಟಿದರೆ 16 ಬಿಟ್‌ನ ಜಾಗದಲ್ಲಿ ಹಿಡಿಸುವುದಿಲ್ಲ. ಅದಕ್ಕೂ ಚಿಪ್ ಕೊಡುವುದು ಸೊನ್ನೆಯ ಭಾಗಾಕಾರಕ್ಕೆ ಕೊಡುವ ಎಚ್ಚರಿಕೆಯನ್ನೇ. ಸೇರಿನ ಪಾತ್ರೆಗೆ ಕೊಳಗ ಸುರಿದ ಹಾಗೆ, ಅಲ್ವಾ? ಯಂತ್ರ ಇಷ್ಟು ವೇಗವಾಗುತ್ತದೆ ಅಂತ ಆಗ ಟರ್ಬೊ ಪ್ಯಾಸ್ಕಲ್ ಮಾಡಿದವರು ಯಾಕೆ ಲೆಕ್ಕ ಹಾಕಬೇಕಿತ್ತು.

ಸೈಕಲ್ಸ್ 3000ಕ್ಕೆ ಇಳಿಸಿದೆ. ನೀಲಿ ಮೆನು ಬಂತು! ಕಂಟ್ರೋಲ್ ಜೊತೆ ಎಫ್12 ಒತ್ತುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿದೆ. ಮ್ಯಾಕ್‌ನಲ್ಲಿ ಎಫ್‌ಎನ್ ಕೀ ಕೂಡ ಒತ್ತಬೇಕು, ಅದೊಂದು ಕಿರಿಕಿರಿ.

ಇನ್ನು ಪ್ರಿಂಟ್. ಪ್ರೋಗ್ರಾಂ ಹುಡುಕುವುದು ಪ್ರಿಂಟರ್ ಸಿಕ್ಕಿಸುವ ಹಳೆ ಎಲ್‌ಪಿಟಿ ಪೋರ್ಟನ್ನು. ಡಾಸ್‌ಬಾಕ್ಸ್‌ನದೇ ಇನ್ನೊಂದು ರೂಪವಾದ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಆ ಪೋರ್ಟನ್ನೇ ಫೈಲಿಗೆ ತಿರುಗಿಸಬಹುದು. ಫೈಲ್ ತೆರೆದರೆ ರೈತರ ಹೆಸರುಗಳ ನಡುವೆ ವಿಚಿತ್ರ ಗುರುತುಗಳು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ 'ದಪ್ಪಕ್ಷರ ಮಾಡು' ಅಂತ ಹೇಳುವ ಎಸ್ಕೇಪ್ ಕೋಡ್‌ಗಳು ಅವು. ಅವನ್ನು ಅಳಿಸಿ, 1997ರ ಚಾಲಿ ಅಡಿಕೆ ಖರೀದಿಯ ಪಟ್ಟಿ ತೆಗೆದು ದೊಡ್ಡಪ್ಪನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು: "ಮೂರನೇ ಸಾಲಿನವನ ಬಾಕಿ ಇನ್ನೂ ಬಂದಿಲ್ಲ ಮಾರಾಯ."